ಕಣ್ಣಲ್ಲ, ಗಾಲಿ ನೋಡ್ರಿ

ಅಫಜಲಪುರ: ಹೊರಡುವ ಮುನ್ನ

ನಾನು ನೆದರ್ಲೆಂಡ್ಸ್ ದೇಶಕ್ಕೆ ಹೋದದ್ದು ಜನ ರಸ್ತೆ ದಾಟುವುದನ್ನು ನೋಡಲಿಕ್ಕೆ. ಹೀಗೆ ಹೇಳಿದರೆ ನಮ್ಮ ಓಣಿಯಲ್ಲಿ ಯಾರೂ ನಂಬಲಿಲ್ಲ. ಎದುರು ಮನೆಯ ಶಾಂತಮ್ಮ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು, "ಅಲ್ರಿ ಟೀಚರ್, ರಸ್ತಾ ದಾಟೂದು ನೋಡಾಕ ಇಮಾನದಾಗ ಹೋಗಬೇಕೇನ್ರಿ? ನಮ್ಮ ಬಸ್ ಸ್ಟ್ಯಾಂಡ್ ಮುಂದ ಹೋಗಿ ಒಂದ್ ತಾಸು ನಿಂದರ್ರಿ, ಎಲ್ಲಾ ಕಾಣ್ತದ" ಅಂದಳು. ನಾನು ನಕ್ಕೆ. ಆಕೆಯ ಮಾತು ಎಷ್ಟು ಸರಿ ಎಂದು ತಿಳಿಯುವುದಕ್ಕೆ ಸಮುದ್ರ ದಾಟಿ ಬರಬೇಕಾಯಿತು.

ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವವಳು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಒಂದು ಸಣ್ಣ ಸಂಸ್ಥೆ ರಸ್ತೆ ಸುರಕ್ಷತೆಯ ತರಬೇತಿ ನಡೆಸುತ್ತಿತ್ತು. ಹೊಲಕ್ಕೆ ನಡೆದು ಹೋಗುವ ಹೆಣ್ಣುಮಕ್ಕಳಿಗೆ ರಸ್ತೆಯ ಬದಿಯಲ್ಲಿ ಹೇಗೆ ನಡೆಯಬೇಕು, ಸೈಕಲ್ ಮೇಲೆ ಶಾಲೆಗೆ ಹೋಗುವ ಹುಡುಗಿಯರು ಹೇಗೆ ತಿರುಗಬೇಕು ಎಂದು ಕಲಿಸುವುದು. ಈ ತರಬೇತಿಯಿಂದ ಏನಾದರೂ ಉಪಯೋಗವಾಗುತ್ತಿದೆಯೇ, ಬರುವ ವರ್ಷ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಣ ಕೊಡುವವರು ನೆದರ್ಲೆಂಡ್ಸಿನವರು, ನಮ್ಮ ಬಾಯಲ್ಲಿ ಹಾಲೆಂಡಿನವರು. ನಮ್ಮಲ್ಲಿ ಹೇಗೆ ಕಲಿಸುತ್ತೇವೆ ಒಮ್ಮೆ ಬಂದು ನೋಡಿ ಎಂದು ನನ್ನನ್ನೂ ತರಬೇತಿ ಕೊಡುವ ಮಹಬೂಬಿಯನ್ನೂ ಕರೆಸಿಕೊಂಡರು.

ಮಹಬೂಬಿ ಆಳಂದದವಳು. ನಲವತ್ತು ದಾಟಿದ ಹೆಂಗಸು, ಕರಿ ಬುರ್ಖಾ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ಮೈಕ್ ಬೇಡದ ಗಂಟಲು. ಹಿರೋಳ್ಳಿಗೆ ಕೊಟ್ಟಿದ್ದ ಆಕೆಯ ತಂಗಿ ಶಮೀಮ್ ಊರ ಹೊರಗಿನ ರಸ್ತೆಯಲ್ಲಿ ಗಾಡಿ ಬಡಿದು ತೀರಿಕೊಂಡಿದ್ದಳು. ಮಹಬೂಬಿ ಈ ಕೆಲಸಕ್ಕೆ ಸೇರಿದ್ದು ಅದಾದ ಮೇಲೆ. ತಂಗಿಗಾಗಿ ತಾನು ಇನ್ನು ಮಾಡಬಹುದಾದದ್ದು ಇದೊಂದೇ ಎಂದು ಆಕೆ ನಂಬಿದ್ದಳು. ತರಬೇತಿ ನಿಂತರೆ ಏನು ಮಾಡುತ್ತೀ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ನಿಲ್ಲುವ ಸಾಧ್ಯತೆಯೂ ಇತ್ತು. ಹೊರಡುವ ಮೊದಲು ನಾನು ಊರೂರಿಗೆ ಹೋಗಿ, ಸಮುದಾಯ ಭವನದಲ್ಲಿ ಹೆಣ್ಣುಮಕ್ಕಳನ್ನು ಕೂರಿಸಿ ಪ್ರಶ್ನೆ ಕೇಳಿದ್ದೆ. ರಸ್ತೆಯ ಯಾವ ಬದಿಗೆ ನಡೆಯಬೇಕು? "ಬಲಕ್ಕರಿ, ಗಾಡಿ ಎದುರಿಗೆ ಕಾಣಂಗ." ಗಾಡಿ ಬಂದರೆ? "ನಿಂದರಬೇಕ್ರಿ. ಡ್ರೈವರನ ಕಣ್ಣಾಗ ಕಣ್ಣಿಟ್ಟು ನೋಡಬೇಕ್ರಿ." ನೆಲೋಗಿಯಲ್ಲಿ ಇದೇ ಉತ್ತರ, ಘತ್ತರಗಿಯಲ್ಲಿ ಇದೇ, ಹಿರೋಳ್ಳಿಯಲ್ಲಿ ಇದೇ. ಯಾರೂ ತಪ್ಪಲಿಲ್ಲ. ಇಷ್ಟು ವರ್ಷ ಉತ್ತರಪತ್ರಿಕೆ ತಿದ್ದಿದವಳಿಗೆ ಅಲ್ಲೇ ಅನುಮಾನ ಬಂತು. ಇಡೀ ಕ್ಲಾಸಿಗೆ ನೂರಕ್ಕೆ ನೂರು ಬಂದರೆ ಮೊದಲು ಪ್ರಶ್ನೆಪತ್ರಿಕೆಯನ್ನು ನೋಡಬೇಕು.

ಹೇಗ್: ಕೆಂಪು ದಾರಿ

ಹೇಗ್ ಎಂಬ ಊರಿನಲ್ಲಿ ನಮಗೆ ವಸತಿ. ಮೊದಲ ದಿನ ಬೆಳಿಗ್ಗೆ ಇಬ್ಬರೂ ಹೊರಗೆ ಬಂದೆವು. ಗಾಳಿ ಮುಖಕ್ಕೆ ಹೊಡೆಯುವಂತೆ ಬೀಸುತ್ತಿತ್ತು. ನನ್ನ ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಮಗಳ ಕೋಟು, ತಲೆಗೆ ಉಲನ್ ಸ್ಕಾರ್ಫು. ಮಹಬೂಬಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಈಗ ನಾವಿಬ್ರೂ ಒಂದ ಆದ್ವಿ ನೋಡ್ರಿ" ಅಂದಳು.

ರಸ್ತೆಯ ಪಕ್ಕದಲ್ಲಿ ಕೆಂಪು ಬಣ್ಣದ ನುಣುಪಾದ ದಾರಿ ಇತ್ತು. ಗುಂಡಿಯಿಲ್ಲ, ಕಲ್ಲಿಲ್ಲ, ಕಟ್ಟಿ ಹಾಕಿದ ಎಮ್ಮೆಯಿಲ್ಲ. ನಡೆಯುವವರಿಗೆ ಎಷ್ಟು ಮರ್ಯಾದೆ ಕೊಟ್ಟಿದ್ದಾರೆ ನೋಡು ಎಂದು ಹೆಮ್ಮೆಯಿಂದ ಅದರ ನಟ್ಟನಡುವೆ ನಡೆಯತೊಡಗಿದೆ. ಹಿಂದಿನಿಂದ ಗಂಟೆ ಕೇಳಿಸಿತು. ತಿರುಗಿ ನೋಡಿದರೆ ಎಪ್ಪತ್ತರ ಮೇಲಿನ ಅಜ್ಜಿಯೊಬ್ಬಳು ಸೈಕಲ್ ಮೇಲೆ, ಮುಂದಿನ ಬುಟ್ಟಿಯಲ್ಲಿ ಎಲೆಕೋಸು. ನಾನು ಎಡಕ್ಕೆ ಸರಿದೆ, ಆಮೇಲೆ ಬಲಕ್ಕೆ, ಆಮೇಲೆ ಒಂದು ಹೆಜ್ಜೆ ಹಿಂದಕ್ಕೆ. ನಮ್ಮಲ್ಲಿ ಹೀಗೆಯೇ ಅಲ್ಲವೇ ತಪ್ಪಿಸಿಕೊಳ್ಳುವುದು. ಅಜ್ಜಿ ನನ್ನ ಒಂದೊಂದು ಕುಣಿತಕ್ಕೂ ಹ್ಯಾಂಡಲ್ ತಿರುಗಿಸಿ ಕಡೆಗೆ ಕಾಲು ಊರಿ ನಿಂತಳು. ಏನೋ ಹೇಳಿದಳು. ಭಾಷೆ ತಿಳಿಯದಿದ್ದರೂ ಅತ್ತೆಯಂಥವರು ಬಯ್ಯುವುದು ಎಲ್ಲ ದೇಶದಲ್ಲೂ ಅರ್ಥವಾಗುತ್ತದೆ. ಅದು ಸೈಕಲ್ಲಿನ ದಾರಿ. ಕಾಲ್ನಡಿಗೆಯವರ ದಾರಿ ಪಕ್ಕದಲ್ಲಿ ಬೂದಿ ಬಣ್ಣದ್ದು, ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಮುಂದೆ ಜೀಬ್ರಾ ಪಟ್ಟಿ ಬಂತು. ನಾವು ಅಂಚಿನಲ್ಲಿ ನಿಂತೆವು. ಬರುತ್ತಿದ್ದ ಕಾರು ನಿಂತಿತು. ಅದು ಹೋಗಲಿ ಎಂದು ನಾವು ಕಾದೆವು. ನಾವು ಹೋಗಲಿ ಎಂದು ಅವನು ಕಾದ. ಮಹಬೂಬಿ ಕೈ ಬೀಸಿ "ಹೋಗಪಾ ನೀ" ಎಂದು ಸನ್ನೆ ಮಾಡಿದಳು. ಅವನೂ ಒಳಗಿಂದ ಕೈ ಬೀಸಿದ. ಮದುವೆ ಊಟದ ಪಂಕ್ತಿಯಲ್ಲಿ ಬೀಗರಿಬ್ಬರು ನೀವು ಕೂಡ್ರಿ, ನೀವು ಕೂಡ್ರಿ ಎಂದು ನಿಂತುಬಿಡುವಂತೆ ಆಯಿತು. ಕಡೆಗೆ ನಾನು ಜೇವರ್ಗಿಯ ಸರ್ಕಲ್ಲಿನಲ್ಲಿ ಮಾಡುವಂತೆ ಒಂದು ಕೈ ಮೇಲೆತ್ತಿ, ಇನ್ನೊಂದು ಕೈಯಲ್ಲಿ ನೆರಿಗೆ ಹಿಡಿದು ಓಡಿದೆ. ಕಾರಿನವನು ನನ್ನ ಎತ್ತಿದ ಕೈಗೆ ನಗುತ್ತ ತಾನೂ ಕೈ ಎತ್ತಿದ. ಪಾಪ, ನಮಸ್ಕಾರ ಎಂದುಕೊಂಡಿರಬೇಕು.

ಅಲ್ಲಿ ಗಾಡಿಗಳು ಬಲಕ್ಕೆ ಓಡುತ್ತವೆ. ಬಲಕ್ಕೆ ನೋಡು, ಎಡಕ್ಕೆ ನೋಡು, ಮತ್ತೆ ಬಲಕ್ಕೆ ನೋಡು ಎಂದು ಊರಲ್ಲಿ ಹಾಡಿನಂತೆ ಕಲಿಸುತ್ತಿದ್ದ ಮಹಬೂಬಿ ಎರಡು ದಿನ ಪ್ರತಿ ರಸ್ತೆಯಲ್ಲೂ ತಪ್ಪು ಕಡೆಗೇ ನೋಡಿದಳು. "ಬಾಯಿಗೆ ಗೊತ್ತದ, ಕುತ್ತಿಗಿಗೆ ಗೊತ್ತಿಲ್ರಿ" ಅಂದಳು. ಆಗ ನಾವಿಬ್ಬರೂ ನಕ್ಕೆವು.

ಹೇಗ್: ಸೈಕಲ್ಲಿನ ಅಂಗಳ

ಬೇರೆ ಬೇರೆ ದೇಶಗಳಿಂದ ಬಂದು ನೆಲೆಸಿದ ಹೆಂಗಸರಿಗೆ ಅಲ್ಲಿ ಸೈಕಲ್ ಕಲಿಸುವ ಕ್ಲಾಸುಗಳಿವೆ. ಊರಿಗೆ ಬಂದವಳು ನೀರಿಗೆ ಬಾರದೇ ಇದ್ದಾಳೆಯೇ ಅನ್ನುತ್ತೇವಲ್ಲ, ಆ ದೇಶಕ್ಕೆ ಬಂದವಳು ಸೈಕಲ್ಲಿಗೆ ಬಾರದೆ ಗತಿಯಿಲ್ಲ. ಶಾಲೆಯೊಂದರ ಅಂಗಳದಲ್ಲಿ ಅಂಥ ಕ್ಲಾಸು ನಡೆಸುವಾಕೆಯ ಹೆಸರು ರಾಧಾ. ಅರವತ್ತು ವಯಸ್ಸು, ಬಿಳಿ ಬಾಬ್ ಕೂದಲು. ಆಕೆಯ ಹಿರಿಯರನ್ನು ಬಹಳ ಹಿಂದೆ ಕಲ್ಕತ್ತೆಯಿಂದ ಹಡಗು ಹತ್ತಿಸಿ ಸುರಿನಾಮ್ ಎಂಬ ದೇಶಕ್ಕೆ ಕಬ್ಬು ಕಡಿಯಲಿಕ್ಕೆ ಕರೆದೊಯ್ದಿದ್ದರಂತೆ. ಅಲ್ಲಿಂದ ಈಕೆ ಹುಡುಗಿಯಾಗಿದ್ದಾಗ ಹೇಗ್‌ಗೆ ಬಂದದ್ದು. ಮನೆಯಲ್ಲಿ ಇನ್ನೂ ಒಂದು ಬಗೆಯ ಹಳೆಯ ಹಿಂದಿ ಆಡುತ್ತಾರೆ. ಮಹಬೂಬಿಯ ಆಳಂದದ ಉರ್ದು ಮತ್ತು ರಾಧಾಳ ಆ ಹಿಂದಿ ಅರ್ಧರ್ಧ ಕೂಡಿ ಹೇಗೋ ಮಾತು ನಡೆಯಿತು. ಅರ್ಥವಾಗದ ಅರ್ಧವನ್ನು ಇಬ್ಬರೂ ಕೈಯಲ್ಲಿ ಹೇಳಿಕೊಂಡರು.

ರಾಧಾ ನಮ್ಮಿಬ್ಬರಿಗೂ ಒಂದೊಂದು ಸೈಕಲ್ ತಂದು ಕೊಟ್ಟಳು. ನಾನು ಹುಡುಗಿಯಾಗಿದ್ದಾಗ ಹೊಡೆದಿದ್ದೆ, ಹೇಗೋ ಹತ್ತಿದೆ. ಎರಡು ಸುತ್ತು ಹಾಕಿ ಗೋಡೆಗೆ ಗುದ್ದಿದೆ. ಅಂಗಳ ಇಳಿಜಾರಿದೆ ಅಂದೆ. ಕುಣಿಯಲಾರದವಳು ನೆಲ ಡೊಂಕು ಎಂದದ್ದು ನನ್ನನ್ನು ನೋಡಿಯೇ ಇರಬೇಕು. ಮಹಬೂಬಿ ಮಾತ್ರ ಹ್ಯಾಂಡಲ್ ಹಿಡಿದು ನಿಂತೇ ಇದ್ದಳು.

"ಹತ್ತು" ಅಂದಳು ರಾಧಾ.

"ನಕ್ಕೋ" ಅಂದಳು ಮಹಬೂಬಿ. ಬೇಡ ಎನ್ನುವುದಕ್ಕೆ ಆಕೆಯ ಮಾತು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನಂಗ ಬರಂಗಿಲ್ರಿ ಟೀಚರ್" ಅಂದಳು.

ನನಗೆ ನಂಬಲಾಗಲಿಲ್ಲ. ಆಳಂದದ ಶಾಲೆಯ ಅಂಗಳದಲ್ಲಿ ಆಕೆ ಕಲಿಸುವುದನ್ನು ನಾನೇ ಕಂಡಿದ್ದೆ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ನಿಲ್ಲಿಸುತ್ತಿದ್ದಳು. ಹುಡುಗಿಯರು ಒಬ್ಬೊಬ್ಬರಾಗಿ ಹತ್ತಿ ಕೂತು ಗಾಳಿಯಲ್ಲಿ ಪೆಡಲ್ ತುಳಿಯುತ್ತಿದ್ದರು. ಗಂಟೆ ಬಾರಿಸು, ಬ್ರೇಕ್ ಹಿಡಿ, ಎಡಗೈ ತೋರಿಸು, ಹಿಂದೆ ನೋಡು. ಗಾಲಿ ಗರಗರ ತಿರುಗುತ್ತಿತ್ತು, ಸೈಕಲ್ ಇದ್ದಲ್ಲೇ ಇರುತ್ತಿತ್ತು. ಎಷ್ಟು ಶಿಸ್ತು ಎಂದು ಮೆಚ್ಚಿದ್ದೆ. ಆಕೆಗೇ ಸೈಕಲ್ ಬರುತ್ತದೆಯೋ ಎಂಬ ಪ್ರಶ್ನೆ ನನಗಾಗಲಿ ಬೇರೆ ಯಾರಿಗಾಗಲಿ ಹೊಳೆದಿರಲೇ ಇಲ್ಲ. ನಮ್ಮ ಭಾಗದಲ್ಲಿ ಇದು ದೊಡ್ಡ ವಿಷಯವೂ ಅಲ್ಲ. ಈಜು ಬಾರದವರು ಬಾವಿ ಕಟ್ಟೆಯ ಮೇಲೆ ಕೂತು ಈಜು ಹೇಳಿಕೊಡುವುದನ್ನು ನಾವು ಕಂಡವರೇ.

ರಾಧಾ ಬಯ್ಯಲಿಲ್ಲ. ಸ್ಪ್ಯಾನರ್ ತಂದು ಸೈಕಲ್ಲಿನ ಪೆಡಲ್ ಎರಡನ್ನೂ ಬಿಚ್ಚಿದಳು. ಸೀಟನ್ನು ಕೆಳಕ್ಕೆ ಇಳಿಸಿದಳು. ಕೂತರೆ ಎರಡೂ ಪಾದ ನೆಲಕ್ಕೆ ಮುಟ್ಟಬೇಕು. "ತುಳಿಯುವುದು ಕೊನೆಗೆ. ಮೊದಲು ಸುಮ್ಮನೆ ಕೂತು ನಡಿ" ಅಂದಳು. ಮಹಬೂಬಿ ಬುರ್ಖಾದ ಅಂಚನ್ನು ಎತ್ತಿ ಸಿಕ್ಕಿಸಿಕೊಂಡು, ಬಿಸ್ಮಿಲ್ಲಾ ಎಂದು ಕೂತು, ಎರಡು ಕಾಲಿನಿಂದ ನೆಲ ತಳ್ಳುತ್ತ ಅಂಗಳ ಸುತ್ತಿದಳು. ಮರುದಿನ ಬಿದ್ದಳು. ಅದರ ಮರುದಿನ ಎರಡು ಸಲ ಬಿದ್ದಳು, ಮೊಣಕಾಲು ತರಚಿತು. ಸಂಜೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತ, "ನಮ್ಮ ಹುಡುಗ್ಯಾರು ಇಷ್ಟು ಬಿದ್ದಿಲ್ಲ ನೋಡ್ರಿ ನನ್ನ ಕ್ಲಾಸಿನ್ಯಾಗ" ಅಂದಳು. ಎಣ್ಣೆ ಬಾಟಲಿಯ ಮುಚ್ಚಳ ಹಾಕುತ್ತ, "ಬೀಳಾಕ ನಾನು ಬಿಟ್ಟೇ ಇಲ್ಲ" ಅಂದಳು.

ಹೇಗ್: ಬಾಡಿಗೆ ಮನೆಯ ಅಡುಗೆಮನೆ

ವಾರ ಕಳೆಯುವಷ್ಟರಲ್ಲಿ ಮಹಬೂಬಿ ಪೆಡಲ್ ತುಳಿಯುವಂತಾದಳು. ರಾಧಾ ಆಕೆಯನ್ನು ಅಂಗಳ ಬಿಡಿಸಿ ಒಂದು ಸಣ್ಣ ಬೀದಿಗೆ ಕರೆದೊಯ್ದಳು. ನಾನು ಹಿಂದೆ ನಡೆದು ಹೋದೆ. ತಿರುವಿನಲ್ಲಿ ಒಂದು ವ್ಯಾನು ಬಂತು. "ಅವನ ಮುಖ ನೋಡು! ಅವನು ನಿನ್ನನ್ನು ಕಂಡಿದ್ದಾನೆಯೋ ನೋಡು" ಎಂದು ರಾಧಾ ಕೂಗಿದಳು. ಮಹಬೂಬಿ ಮುಖ ಎತ್ತಲಿಲ್ಲ. ತಲೆ ತಗ್ಗಿಸಿಯೇ ನಿಂತು, ತಲೆ ತಗ್ಗಿಸಿಯೇ ದಾಟಿದಳು. ರಾಧಾಳಿಗೆ ಸಿಟ್ಟು ಬಂತು. ಮುಖ ನೋಡದೆ ರಸ್ತೆಯಲ್ಲಿ ಇರಬಾರದು, ಇದು ಮೊದಲ ಪಾಠ ಅಂದಳು. ನಾನೂ ಬೆರಗಾಗಿದ್ದೆ. ಡ್ರೈವರನ ಕಣ್ಣಲ್ಲಿ ಕಣ್ಣಿಡಿ ಎಂದು ಮೂರು ತಾಲೂಕಿಗೆ ಕಲಿಸಿದವಳು ಇವಳೇ.

ಸಂಜೆ ಅಡುಗೆಮನೆಯಲ್ಲಿ ಊರಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇಟ್ಟುಕೊಂಡು ಕೂತಿದ್ದೆವು. ಯಾಕೆ ಮುಖ ನೋಡಲಿಲ್ಲ ಎಂದು ಕೇಳಿದೆ.

"ಪರಗಂಡಸರ ಮಾರಿ ನೋಡೂದು ನಮಗ ಬರಂಗಿಲ್ರಿ ಟೀಚರ್" ಅಂದಳು. "ಬಾಯಿಲೆ ಹೇಳ್ತೇನಿ, ಖರೆ. ಪುಸ್ತಕದಾಗ ಹಂಗ ಬರದದ, ಅದಕ್ಕ ಹೇಳ್ತೇನಿ. ಆದ್ರ ಗಾಡಿ ಬಂದ್ರ ನನ್ನ ತಲಿ ತಾನ ಕೆಳಗ ಹೋಗ್ತದ."

"ಹಂಗಾದ್ರ ಹ್ಯಾಂಗ ದಾಟಿದಿ?"

"ಗಾಲಿ ನೋಡಿದೆ. ಮುಂದಿನ ಗಾಲಿ ಇನ್ನಾ ತಿರುಗಾಕತ್ತಿತ್ತು. ನಿಂತೆ. ಅದು ನಿಂತಿತು, ನಾ ಹೊಂಟೆ. ಬೀಳಬಾರದಂತ ಇಷ್ಟು ದಿನ ಗಾಲೀನ ನೋಡ್ಕೋತ ಬಂದೇನಲ್ರಿ, ಅದ ರೂಢಿ ಆಗ್ಯದ."

ಮುರಿಯುತ್ತಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದಳು. ಆಮೇಲೆ ತಂಗಿಯ ಮಾತು ತೆಗೆದಳು. ಶಮೀಮ್ ತೀರಿಕೊಂಡದ್ದು ನನಗೆ ಗೊತ್ತಿತ್ತು, ಹೇಗೆಂದು ಗೊತ್ತಿರಲಿಲ್ಲ.

"ಮೇವಿನ ಹೊರಿ ಹೊತ್ತು ರಸ್ತಾ ಬಾಜೂಕ ಹೊಂಟಿದ್ಳು. ಎದುರಿಗೆ ಟೆಂಪೋ ಬಂತು. ಡ್ರೈವರನ ಬಾಜೂಕ ಆಕಿ ಮಾವ ಕುಂತಿದ್ದ. ಮಾವನ ಮುಂದ ಹ್ಯಾಂಗ ನಿಂದರೂದು? ಸೆರಗು ಎಳಕೊಂಡು, ಬೆನ್ನು ತಿರುವಿ, ಬೇಲಿ ಕಡಿ ಮಾರಿ ಮಾಡಿ ನಿಂತ್ಳು. ಟೆಂಪೋದಂವ ತೆಗ್ಗು ತಪ್ಪಸಾಕ ಹೋಗಿ ಬಾಜೂಕ ಬಂದ. ಆಕಿ ಕಂಡಿದ್ದರ ಒಂದ್ ಹೆಜ್ಜಿ ಸರೀತಿದ್ಳು." ನೀರು ಕುಡಿದಳು. "ಮಣ್ಣಿಗೆ ಬಂದ ಮಂದಿ ಏನಂದ್ರು ಗೊತ್ತೇನ್ರಿ? ಎಂಥಾ ಮರ್ಯಾದಿ ಸೊಸಿ ಇದ್ಳು ಅಂದ್ರು."

ನಾನು ಆಕೆಯ ತಟ್ಟೆಗೆ ಇನ್ನಷ್ಟು ಮೊಸರು ಹಾಕಿದೆ.

ಮರುದಿನ ಮಹಬೂಬಿ ಗಾಲಿಯ ಮಾತನ್ನು ರಾಧಾಳಿಗೂ ಹೇಳಿದಳು. ರಾಧಾ ಪೂರ್ತಿ ಒಪ್ಪಲಿಲ್ಲ. ಗಾಲಿ ನೋಡುವುದು ಒಳ್ಳೆಯದೇ, ನಾವೂ ಹೇಳುತ್ತೇವೆ, ಆದರೆ ಮುಖವನ್ನೂ ನೋಡಬೇಕು ಅಂದಳು. "ಇಲ್ಲಿ ನೋಡ್ತೇನಿ, ಊರಾಗ ಆಗಂಗಿಲ್ಲ" ಅಂದಳು ಮಹಬೂಬಿ. ಅಲ್ಲಿಗೆ ಆ ಮಾತು ನಿಂತಿತು.

ಹೇಗ್: ಮಕ್ಕಳ ಪರೀಕ್ಷೆ

ಆ ದೇಶದ ಶಾಲೆಗಳಲ್ಲಿ ಮಕ್ಕಳಿಗೆ ರಸ್ತೆಯ ಪರೀಕ್ಷೆ ಇದೆ. ಒಂದು ಬರೆಯುವುದು, ಇನ್ನೊಂದು ರಸ್ತೆಯ ಮೇಲೆ. ರಸ್ತೆಯ ಪರೀಕ್ಷೆಯ ದಿನ ಮಕ್ಕಳು ಎದೆಯ ಮೇಲೆ ನಂಬರಿನ ಜಾಕೀಟು ಹಾಕಿಕೊಂಡು ಊರೊಳಗೆ ಸೈಕಲ್ ಹೊಡೆಯುತ್ತಾರೆ. ಒಂದೊಂದು ತಿರುವಿನಲ್ಲಿ ಅಪ್ಪ ಅಮ್ಮಂದಿರು, ಅಜ್ಜಂದಿರು ನಿಂತು ಗಮನಿಸುತ್ತಾರೆ. ನನ್ನನ್ನೂ ಒಂದು ಮೂಲೆಯಲ್ಲಿ, ಒಬ್ಬ ಅಜ್ಜನ ಪಕ್ಕದಲ್ಲಿ ನಿಲ್ಲಿಸಿದರು. ಅಜ್ಜ ಕೋಟಿನ ಜೇಬಿನಿಂದ ಕಪ್ಪು ಮಿಠಾಯಿ ತೆಗೆದು ಕೊಟ್ಟ. ಬಾಯಿಗೆ ಹಾಕಿದರೆ ಉಪ್ಪು. ಅತಿಥಿಗೆ ಉಪ್ಪು ಹಾಕಿದ ಮಿಠಾಯಿ ಕೊಡುವ ದೇಶವನ್ನು ಅದೇ ಮೊದಲು ಕಂಡೆ. ಉಗುಳಲಾರದೆ ನುಂಗಿದೆ.

ಎರಡು ಜಡೆಯ ಒಬ್ಬ ಹುಡುಗಿ ಬಂದಳು. ಬರೆಯುವ ಪರೀಕ್ಷೆಯಲ್ಲಿ ಕ್ಲಾಸಿಗೇ ಮೊದಲು ಬಂದವಳು ಎಂದು ಟೀಚರು ಮೊದಲೇ ಹೇಳಿದ್ದರು. ತಿರುವಿಗೆ ಬಂದು, ಕೈ ಚಾಚಿ, ಹಿಂದೆ ನೋಡುವುದನ್ನೇ ಮರೆತು ತಿರುಗಿಬಿಟ್ಟಳು. ಅಜ್ಜ ನಿಟ್ಟುಸಿರು ಬಿಟ್ಟ. ಅವಳ ಹಿಂದೆ ಬಂದ ಒಬ್ಬ ದಡ್ಡನಂತೆ ಕಾಣುವ ಹುಡುಗ ಎಲ್ಲವನ್ನೂ ಸರಿಯಾಗಿ ಮಾಡಿದ. ಫೇಲಾದವರಿಗೆ ಏನು ಮಾಡುತ್ತೀರಿ ಎಂದು ಟೀಚರನ್ನು ಕೇಳಿದೆ. ಅವರಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಮತ್ತೆ ಕಲಿಸುತ್ತೇವೆ, ಇನ್ನೇನು ಮಾಡುವುದು ಅಂದರು.

ನನಗೆ ಆ ಮೂಲೆಯಲ್ಲಿ ನಾಚಿಕೆಯೂ ಆಯಿತು, ದಾರಿಯೂ ಕಂಡಿತು. ನೆಲೋಗಿಯ ಹೆಣ್ಣುಮಕ್ಕಳನ್ನು ನಾನು ಫ್ಯಾನಿನ ಕೆಳಗೆ ಜಮಖಾನೆಯ ಮೇಲೆ ಕೂರಿಸಿ ಕೇಳಿದ್ದೆ. ಅವರು ಹೇಳಿದ್ದು ಪುಸ್ತಕದ ಬದನೆಕಾಯಿ. ರಸ್ತೆಯ ಮೇಲೆ ಅವರನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಶಾಂತಮ್ಮ ಹೇಳಿದ್ದು ಇದನ್ನೇ.

ವಾಪಸು ಬರುವಾಗ ವಿಮಾನದಲ್ಲಿ ಮಹಬೂಬಿ ನೇರವಾಗಿ ಕೇಳಿದಳು. "ಟೀಚರ್, ಖರೆ ಹೇಳ್ರಿ. ನಮ್ಮ ತರಬೇತಿ ನಿಲ್ಲಸ್ತಾರೇನು?"

"ನಾನು ರಸ್ತೆ ಮ್ಯಾಲ ನಿಂತು ನೋಡಬೇಕು. ನೋಡಿ ಹೇಳ್ತೇನಿ" ಅಂದೆ.

ಸೀಟಿನ ಬೆಲ್ಟನ್ನು ಬಿಗಿ ಮಾಡುತ್ತ ಯೋಚಿಸಿದಳು. "ನೋಡ್ರಿ. ಆದ್ರ ಬರ್ತೇವಂತ ಊರಾಗ ಯಾರಿಗೂ ಹೇಳಬ್ಯಾಡ್ರಿ. ಹೇಳಿದ್ರ ಎಲ್ಲಾರೂ ಪಾಸ್ ಆಗ್ತಾರ." ತನ್ನ ಕೆಲಸವೇ ಹೋಗಬಹುದೆಂದು ಗೊತ್ತಿದ್ದೂ ಹಾಗೆ ಹೇಳಿದಳು. ಆಕೆಯ ಮೇಲೆ ನನಗೆ ಗೌರವ ಹುಟ್ಟಿತು, ಜೊತೆಗೆ ಭಯವೂ ಆಯಿತು.

ನೆಲೋಗಿ ಕ್ರಾಸ್

ಬಿಸಿಲು ಇಳಿಯುವ ಹೊತ್ತು. ಕ್ರಾಸಿನ ಚಹಾದಂಗಡಿಯ ಬೆಂಚಿನ ಮೇಲೆ ನಾವಿಬ್ಬರೂ ಬಸ್ಸಿಗೆ ಕಾಯುವವರಂತೆ ಕೂತೆವು. ಹತ್ತಿ ಬಿಡಿಸಿ ಹೆಣ್ಣುಮಕ್ಕಳು ಸಾಲಾಗಿ ಬರುತ್ತಿದ್ದರು. ರಸ್ತೆಯ ಬಲಕ್ಕೇ ನಡೆಯುತ್ತಿದ್ದರು. ಮಹಬೂಬಿ ನನ್ನ ಮೊಣಕೈ ತಿವಿದಳು, ಅಷ್ಟು ಖುಷಿ. ಎದುರಿನಿಂದ ಲಾರಿ ಬಂತು. ಅವರೆಲ್ಲ ನಿಂತರು. ನಿಂತು, ಒಂದೇ ಕೈ ಎಂಬಂತೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಒಬ್ಬೊಬ್ಬರಾಗಿ ರಸ್ತೆಗೆ ಬೆನ್ನು ತಿರುಗಿಸಿ ಹೊಲದ ಕಡೆ ಮುಖ ಮಾಡಿದರು. ಲಾರಿ ಅವರ ಬೆನ್ನ ಹಿಂದೆ ಧೂಳೆಬ್ಬಿಸಿ ಹೋಯಿತು. ಆಮೇಲೆ ಮತ್ತೆ ತಿರುಗಿ, ಮಾತಾಡುತ್ತ ನಡೆದರು.

ಡ್ರೈವರನ ಕಣ್ಣಲ್ಲಿ ಕಣ್ಣಿಡಬೇಕ್ರಿ ಎಂದು ನನಗೆ ಹೇಳಿದವರು ಇವರೇ.

ಮಹಬೂಬಿಯ ಕೈಯಲ್ಲಿ ಚಹಾದ ಲೋಟ ಹಾಗೇ ಇತ್ತು. ಆಕೆ ಕಂಡದ್ದು ನೆಲೋಗಿಯ ಹೆಣ್ಣುಮಕ್ಕಳನ್ನಲ್ಲ, ಬೇಲಿ ಕಡೆ ಮುಖ ಮಾಡಿದ ಶಮೀಮಳನ್ನು ಎಂದು ನನಗೆ ಗೊತ್ತಾಯಿತು. ಏನು ಬರೆಯಲಿ ನಾನು? ತರಬೇತಿಯಿಂದ ಏನೂ ಆಗಿಲ್ಲ ಎಂದು ಬರೆದರೆ ಅದು ಸುಳ್ಳಲ್ಲ. ಆಕೆ ಲೋಟ ಕೆಳಗಿಟ್ಟು ಎದ್ದಳು. ರಸ್ತೆಯ ಬಲಗಡೆ ನೋಡಿ, ಎಡಗಡೆ ನೋಡಿ ದಾಟಿ, ಆ ಹೆಣ್ಣುಮಕ್ಕಳ ಹತ್ತಿರ ಹೋದಳು. ನಾನೂ ಹೋದೆ.

"ಯಾಕ ತಂಗೀ, ಹಿಂಗ್ಯಾಕ ತಿರುವಿದ್ರಿ?" ಎಂದು ಮುಂದಿದ್ದವಳನ್ನು ಕೇಳಿದಳು.

ಅವಳು ನಾಚಿದಳು. "ಅದು ಕ್ಲಾಸಿನ್ಯಾಗ್ರಿ ಆಪಾ. ಇಲ್ಲಿ ಲಾರ್ಯಾಗ ಯಾರಿರ್ತಾರೋ ಯಾರಿಗ್ಗೊತ್ತು. ಮಾವ ಇರ್ತಾರೋ, ಭಾವ ಇರ್ತಾರೋ. ಗಂಡಸರ ಮಾರಿ ಹ್ಯಾಂಗ ನೋಡೂದ್ರಿ?"

"ಮಾರಿ ನೋಡಬ್ಯಾಡ್ರವಾ" ಅಂದಳು ಮಹಬೂಬಿ. "ನಾನೂ ನೋಡಂಗಿಲ್ಲ. ನಾ ನಿಮಗ ತಪ್ಪು ಹೇಳಿದ್ದೆ. ಸೆರಗು ಎಷ್ಟು ಬೇಕಾದ್ರೂ ಎಳಕೋರಿ, ತಲಿ ತಗ್ಗಸ್ರಿ. ಆದ್ರ ಬೆನ್ನು ತಿರುವಬ್ಯಾಡ್ರಿ. ತಲಿ ತಗ್ಗಿಸಿದ್ರ ಏನ್ ಕಾಣ್ತದ? ಗಾಲಿ ಕಾಣ್ತದ. ಗಾಲಿ ನೋಡ್ರಿ. ಗಾಲೀಗಿ ಮಾವ ಇಲ್ಲ, ಭಾವ ಇಲ್ಲ."

ಹೆಣ್ಣುಮಕ್ಕಳು ಕಿಸಕ್ಕನೆ ನಕ್ಕರು. ಮುಂದಿನ ಗಾಡಿ ಬರುವವರೆಗೂ ಆಕೆ ಅವರನ್ನು ಅಲ್ಲಿಂದ ಕದಲಲು ಬಿಡಲಿಲ್ಲ.

ಘತ್ತರಗಿ ದಾರಿ

ನನ್ನ ವರದಿ ಕೊಡುವುದಕ್ಕೆ ಇನ್ನೂ ಕೆಲ ವಾರ ಇತ್ತು. ಅಷ್ಟರೊಳಗೆ ಮಹಬೂಬಿ ಮೂರು ತಾಲೂಕು ಸುತ್ತಿ, ಭವನದ ಕ್ಲಾಸು ಬಿಟ್ಟು ರಸ್ತೆಯ ಅಂಚಿನಲ್ಲೇ ಕಲಿಸಿದಳು. ಕೊನೆಯ ಸಲ ನೋಡೋಣ ಎಂದು ಅಮಾವಾಸ್ಯೆಯ ದಿನ ಘತ್ತರಗಿಯ ದಾರಿಗೆ ಹೋದೆವು. ಭಾಗ್ಯವಂತಿಯ ದರ್ಶನಕ್ಕೆ ಸುತ್ತಲಿನ ಊರುಗಳ ಹೆಣ್ಣುಮಕ್ಕಳು ಬೆಳಿಗ್ಗೆಯೇ ನಡೆದು ಹೊರಟಿದ್ದರು. ನಾನು ಒಂದು ಬೇವಿನ ಮರದ ಕೆಳಗೆ, ರಸ್ತೆಯ ಅಂಚಿಗೇ ನಿಂತೆ, ಮಹಬೂಬಿ ಮರದ ಆಚೆ ಬದಿಗೆ ನಿಂತಳು.

ಜೀಪು ಬಂತು, ಕಾರು ಬಂತು, ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಬಂದವು. ಹೆಣ್ಣುಮಕ್ಕಳು ಸೆರಗು ಎಳೆದುಕೊಳ್ಳುತ್ತಿದ್ದರು, ತಲೆ ತಗ್ಗಿಸುತ್ತಿದ್ದರು. ಆದರೆ ಬಹಳ ಮಂದಿ ತಿರುಗಲಿಲ್ಲ. ತಗ್ಗಿದ ತಲೆಯಲ್ಲಿ ಕಣ್ಣು ಗಾಲಿಯ ಮೇಲಿತ್ತು. ವಯಸ್ಸಾದ ಕೆಲವರು ಹಳೆಯ ರೂಢಿಯಂತೆ ಬೆನ್ನು ತಿರುಗಿಸಿಯೇ ನಿಂತರು. ಒಬ್ಬ ಮುದುಕಿಯನ್ನು ಮೊಮ್ಮಗಳು ಭುಜ ಹಿಡಿದು ತಿರುಗಿಸಿದ್ದನ್ನೂ ಕಂಡೆ. ನನಗೆ ಸಂತೋಷವಾಯಿತು. ಎಷ್ಟು ಮಂದಿ ಕಲಿತರು, ಎಷ್ಟು ಮಂದಿ ಕಲಿಯಲಿಲ್ಲ ಎಂದು ಮನಸ್ಸಿನಲ್ಲೇ ಮಾರ್ಕು ಹಾಕತೊಡಗಿದೆ.

ಆಗ ಬಿಳಿ ಜೀಪೊಂದು ಬಂತು. ಡ್ರೈವರನ ಪಕ್ಕದಲ್ಲಿ ತಲೆಗೆ ಪಟಗಾ ಸುತ್ತಿಕೊಂಡು ಕೂತವರು ನನ್ನ ಗಂಡನ ಅಣ್ಣ, ನಮ್ಮ ಭಾವನವರು.

ಮುಂದಿನದು ನಾನು ಮಾಡಿದ್ದೋ, ನನ್ನ ಮೈ ಮಾಡಿದ್ದೋ ಇಂದಿಗೂ ಹೇಳಲಾರೆ. ಕೈ ಸೆರಗಿಗೆ ಹೋಯಿತು. ತಲೆಯ ಮೇಲೆ ಎಳೆದುಕೊಂಡೆ. ರಸ್ತೆಗೆ ಬೆನ್ನು ಹಾಕಿ ಬೇವಿನ ಮರಕ್ಕೆ ಮುಖ ಮಾಡಿ ನಿಂತುಬಿಟ್ಟೆ. ಎಂಎ ಓದಿದವಳು, ಹಾಲೆಂಡಿಗೆ ಹೋಗಿ ಬಂದವಳು, ಮೂರು ತಾಲೂಕಿಗೆ ಮಾರ್ಕು ಹಾಕುವವಳು ತೊಗಟೆಯ ಮೇಲಿನ ಇರುವೆ ನೋಡುತ್ತ ನಿಂತಿದ್ದೆ.

ರಟ್ಟೆಯನ್ನು ಯಾರೋ ಕಿತ್ತು ಬರುವಂತೆ ಎಳೆದರು. ನಾನು ಮರದ ಆಚೆಗೆ ಬಿದ್ದೆ. ನನ್ನ ಮೇಲೆ ಮಹಬೂಬಿ ಬಿದ್ದಳು. ಜೀಪು ನಡೆಯುವವರಿಗಾಗಿ ನಿಧಾನ ಮಾಡಿತ್ತು. ಅದರ ಹಿಂದಿದ್ದ ಕಬ್ಬಿನ ಟ್ರ್ಯಾಕ್ಟರ್ ನಿಲ್ಲಲಾರದೆ ಅಂಚಿಗೆ ಇಳಿದಿತ್ತು. ಟ್ರಾಲಿಯಿಂದ ಚಾಚಿಕೊಂಡಿದ್ದ ಕಬ್ಬು ನಾನು ನಿಂತಿದ್ದ ಜಾಗದ ಮೇಲೆ, ಮರದ ತೊಗಟೆ ತರಚಿಕೊಂಡು ಹೋಯಿತು.

"ಗಾಲಿ ನೋಡಬೇಕಲ್ಲ, ಶಮೀಮ್, ಗಾಲಿ ನೋಡಬೇಕಲ್ಲ" ಅನ್ನುತ್ತಿದ್ದಳು ಮಹಬೂಬಿ. ಹಿಡಿದ ರಟ್ಟೆಯನ್ನು ಇನ್ನೂ ಬಿಟ್ಟಿರಲಿಲ್ಲ. ನನ್ನನ್ನು ಯಾವ ಹೆಸರಿನಿಂದ ಕರೆದಳೆಂಬುದು ಆಕೆಗೇ ಗೊತ್ತಾಗಲಿಲ್ಲ. ನಾನೂ ತಿದ್ದಲಿಲ್ಲ. ಇಬ್ಬರೂ ಮಣ್ಣಿನಲ್ಲಿ ಕೂತು ಅತ್ತೆವು. ದರ್ಶನಕ್ಕೆ ಹೊರಟ ಹೆಣ್ಣುಮಕ್ಕಳು ಸುತ್ತ ನಿಂತು ನೀರು ಕೊಟ್ಟರು.

ಭಾವನವರ ಜೀಪು ನಿಲ್ಲದೆ ಹೋಗಿತ್ತು. ಎರಡು ದಿನ ಬಿಟ್ಟು ಮನೆಗೆ ಬಂದಾಗ, ಅಮಾವಾಸ್ಯೆಯ ದಿನ ನಿಮ್ಮನ್ನು ದಾರಿಯಲ್ಲಿ ಕಂಡೆ ಅಂದೆ. "ಹೌದೇನು? ನಾ ಫೋನಿನ್ಯಾಗ ಮಾತಾಡಾಕತ್ತಿದ್ದೆ, ನೋಡೇ ಇಲ್ಲ" ಅಂದರು. ನಾನು ಚಹಾ ತರಲು ಒಳಗೆ ಹೋದೆ.

ತರಬೇತಿ ಮುಂದುವರಿಯಬೇಕು, ಆದರೆ ಭವನದಲ್ಲಿ ಬೇಡ, ರಸ್ತೆಯ ಮೇಲೆ ನಡೆಯಲಿ, ಪರೀಕ್ಷೆಯೂ ಅಲ್ಲೇ ಆಗಲಿ ಎಂದು ಬರೆದುಕೊಟ್ಟೆ. ಹಣ ಕೊಡುವವರು ಒಪ್ಪಿದರು. ಸುದ್ದಿ ಹೇಳಲು ಮಹಬೂಬಿಗೆ ಫೋನ್ ಮಾಡಿದೆ. ಆಳಂದದ ಶಾಲೆಯ ಅಂಗಳದಲ್ಲಿ ಇದ್ದಳು, ಹಿಂದೆ ಹುಡುಗಿಯರ ಗದ್ದಲ, ಯಾರೋ ಸೈಕಲ್ಲಿನಿಂದ ಬಿದ್ದ ಸದ್ದು, ಅದರ ಮೇಲೆ ನಗು. ಅಲ್ಲಾನ ಕೃಪೆ ಅಂದಳು.

"ಟೀಚರ್" ಅಂದಳು ಆಮೇಲೆ. "ಸೋಮವಾರ ನೆಲೋಗಿ ಕ್ರಾಸಿನ್ಯಾಗ ಕ್ಲಾಸ್ ಅದ, ಬರ್ರಿ. ಈ ಸಲ ಮಾರ್ಕ್ ಹಾಕಾಕ ಬ್ಯಾಡ. ಆ ಹೆಣ್ಮಕ್ಕಳ ಸಾಲಿನ್ಯಾಗ ನಿಂದರಾಕ ಬರ್ರಿ."

ಬರ್ತೇನಿ ಅಂದೆ.